ಮೂತಿಯ ಭಾರ

ಗಾಲಿಮನೆ ಎರಡನೇ ಸಲ ಬಾಲ ಬೀಸಿದಾಗ ಮಾರ್ಲಿಸ್ ಎರಡೂ ಕೈಯಿಂದ ಡ್ಯಾಶ್‌ಬೋರ್ಡ್ ಹಿಡಿದುಕೊಂಡು, "ನಿಲ್ಸು ಅಂದ್ರೆ ನಿಲ್ಸು!" ಎಂದು ಕಿರುಚಿದಳು. ಹಾಸಿಗೆ, ಒಲೆ ಸಮೇತ ಕಾರಿನ ಹಿಂದೆ ಕಟ್ಟಿದ್ದ ಆ ಬಿಳಿ ಡಬ್ಬ ರಸ್ತೆಯ ಈ ಅಂಚಿನಿಂದ ಆ ಅಂಚಿಗೆ ತೊನೆದಾಡುತ್ತ, ಕಾರನ್ನು ತಾನೇ ಓಡಿಸುತ್ತೇನೆ ಎಂಬಂತೆ ಎಳೆದಾಡುತ್ತಿತ್ತು. ಅವಳ ಗಂಡ ಆರ್ವಿಡ್ ನಿಲ್ಲಿಸಲಿಲ್ಲ. ವೇಗ ಇಳಿಸಿದ, ಅಷ್ಟೆ.

"ಗಾಳಿ," ಎಂದ.

"ಗಾಳಿಯಾ? ಅಲ್ನೋಡು, ಆ ಮನೆ ಮುಂದಿನ ಬಾವುಟ ಒಗೆದು ಒಣಹಾಕಿದ ಟವೆಲ್ ಥರ ಜೋತುಬಿದ್ದಿದೆ."

"ಲಾರಿ ಹೋದಾಗ ಹೊಡೆಯೋ ಗಾಳಿ."

"ಯಾವ ಲಾರಿ, ಪುಣ್ಯಾತ್ಮ? ಬೆಳಿಗ್ಗೆಯಿಂದ ಕಂಡಿದ್ದು ಒಂದು ಟ್ರ್ಯಾಕ್ಟರು. ಅದೂ ನಮ್ಮನ್ನ ಹಿಂದೆ ಹಾಕಿ ಹೋಯ್ತು."

ಅವಳಿಗೆ ಅಳುವೂ ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು. ನಾರ್ತ್ ಡಕೋಟದ ಹಿಮದಲ್ಲಿ ಇಡೀ ಆಯಸ್ಸು ಶಾಲೆಯ ಬಸ್ಸು ಓಡಿಸಿದವಳು ಅವಳು. ಬೇಸಿಗೆ ಬಂದರೆ ಗಂಡನ ಜೊತೆ ಪೆಲಿಕನ್ ಕೆರೆಯ ದಂಡೆಗೆ ಹೋಗಿ ಡೇರೆ ಹಾಕುವುದು, ಅಲ್ಲಿ ಪಾರ್ಕಿನ ಬಾಗಿಲಲ್ಲೇ ಗಾಲಿಮನೆ ಹೂಡಿಕೊಂಡು ಬೇಸಿಗೆಯಿಡೀ ಶಿಬಿರ ನೋಡಿಕೊಳ್ಳುವ ದಂಪತಿಯನ್ನು ಕಂಡು ಹೊಟ್ಟೆ ಉರಿಸಿಕೊಳ್ಳುವುದು, ಇದೇ ಆಗಿತ್ತು. ಸಂಬಳವಿಲ್ಲ, ಬಾಡಿಗೆಯೂ ಇಲ್ಲ. ಸೌದೆ ಮಾರುವುದು, ಒಲೆಗುಂಡಿಯ ಬೂದಿ ಬಾಚುವುದು, ಹೊಸಬರಿಗೆ ಜಾಗ ತೋರಿಸುವುದು. ಆ ಕೆಲಸಕ್ಕೆ ವರ್ಷಗಟ್ಟಲೆ ಸರದಿ. ಈಗ ಅವಳ ಮಂಡಿ ಹೋದ ಮೇಲೆ ನೆಲದ ಮೇಲೆ ಮಲಗಿದರೆ ಏಳಿಸಲು ಇಬ್ಬರು ಬೇಕು, ಡೇರೆಯ ಮಾತೇ ಮುಗಿದಿತ್ತು. ಅಷ್ಟರಲ್ಲಿ ಅಲ್ಲಿದ್ದ ಮುದುಕ ದಂಪತಿ ಅರಿಜೋನಕ್ಕೆ ಹೊರಟುಹೋದರು, ಇವರ ಸರದಿ ಬಂತು. ಪಾರ್ಕಿನ ಅಧಿಕಾರಿಣಿ ಹೇಳಿದ್ದು ಒಂದೇ ಮಾತು: ಶುಕ್ರವಾರ ಹೊತ್ತು ಮುಳುಗುವುದರೊಳಗೆ ಗಾಲಿಮನೆ ಬಾಗಿಲಲ್ಲಿ ನಿಂತಿರಬೇಕು, ರಜೆಯ ಜನ ಬಂದುಬೀಳುತ್ತಾರೆ, ಇಲ್ಲದಿದ್ದರೆ ಮುಂದಿನವರನ್ನು ಕರೆಯುತ್ತೇನೆ. ಇವತ್ತು ಶುಕ್ರವಾರ. ಮಧ್ಯಾಹ್ನ ಆಗಲೇ ಕಳೆದಿತ್ತು.

ಗಾಲಿಮನೆ ಕೊಂಡವನು ಆರ್ವಿಡ್. ಅವರ ಕಾರು ಮಧ್ಯಮ ಗಾತ್ರದ ಎಸ್‌ಯುವಿ. ಅದು ಎಷ್ಟು ಎಳೆಯುತ್ತದೆ ಎಂದು ಜಾಹೀರಾತಿನಲ್ಲಿ ನೋಡಿದ, ಗಾಲಿಮನೆಯ ಖಾಲಿ ತೂಕ ನೋಡಿದ, ಕಳೆದ, ಹಿಗ್ಗಿದ. ಖಾಲಿ ತೂಕವೆಂದರೆ ಹಾಸಿಗೆಯಿಲ್ಲ, ನೀರಿಲ್ಲ, ಒಂದು ಚಮಚವೂ ಇಲ್ಲ. ಹಾಗೆ ಬೋಳುಗೋಡೆ ನೋಡಿಕೊಂಡು ಬೇಸಿಗೆ ಕಳೆಯುವ ಬೆಪ್ಪರು ಯಾರಿದ್ದಾರೆ? ತಮ್ಮ ಲೋವೆಲ್ ಬಂದು ನೋಡಿ, "ಎಳೆಯೋದೇನೋ ಎಳೆಯುತ್ತೆ ಬಿಡಣ್ಣ. ಆದ್ರೆ ಗಾಲಿಮನೆ ಮೂತಿ ಕಾರಿನ ಬೆನ್ನ ಮೇಲೆ ಕೂರುತ್ತಲ್ಲ, ಆ ಭಾರಾನ ಹೊರಬೇಕಲ್ಲ? ನನ್ನ ಪಿಕಪ್ ತಗೊಂಡ್ ಹೋಗು," ಎಂದಿದ್ದ. ಅಷ್ಟೇ ಸಾಕಾಯಿತು. ಅಂದಿನಿಂದ ಲೋವೆಲ್ ಹೆಸರೆತ್ತಿದರೆ ಆರ್ವಿಡ್ ಮುಖ ಗಂಟು ಹಾಕುತ್ತಿದ್ದ.

ನಿನ್ನೆ ಕಟ್ಟಿ ನೋಡಿದಾಗ ಲೋವೆಲ್ ಹೇಳಿದಂತೆಯೇ ಆಯಿತು. ಕಾರಿನ ಹಿಂಭಾಗ ಕುಸಿದು, ಮುಂದಿನ ದೀಪಗಳು ಮರದ ತುದಿ ನೋಡತೊಡಗಿದವು. ಬೀದಿಯಲ್ಲಿ ಜನ ನೋಡುತ್ತಾರಲ್ಲ! ಆರ್ವಿಡ್ ಜನರೇಟರು, ಹತಾರದ ಪೆಟ್ಟಿಗೆ, ಇದ್ದಿಲ ಚೀಲಗಳನ್ನೆಲ್ಲ ಗಾಲಿಮನೆಯ ಕಟ್ಟಕಡೆಯ ಮೂಲೆಗೆ ಹೊತ್ತು ಹಾಕಿದ. ಅಲ್ಲೇ ಇದ್ದ ತೊಟ್ಟಿಗೆ ಮನೆಯ ಬಾವಿಯ ನೀರನ್ನು ಕಂಠಮಟ್ಟ ತುಂಬಿಸಿದ. ಬೇರೆ ನೀರಿನ ಕಾಫಿ ಅವನ ಗಂಟಲಲ್ಲಿ ಇಳಿಯುವುದಿಲ್ಲ. ಮೂತಿ ಹಗುರಾಯಿತು, ಕಾರು ಎದ್ದು ನಿಂತಿತು. "ನೋಡು, ಹೆಂಗೆ ನೆಟ್ಟಗಾಯ್ತು!" ಎಂದು ಪಕ್ಕದ ಮನೆಯವರಿಗೂ ಕೇಳುವಂತೆ ಹೇಳಿದ್ದ.

ರೈತರ ಗೋಧಿ ತೂಗಿ ತುಂಬಿಡುವ, ಮುಂದಿನ ಊರಿನ ಧಾನ್ಯದ ಗೋಪುರ ಕಾಣಿಸಿತು. ಮಾರ್ಲಿಸ್ ಬೆರಳು ತೋರಿಸಿದಳು. "ಅಲ್ಲಿಗೆ ತಿರುಗಿಸು. ತೂಗಿಸೋಣ."

"ನಾವೇನು ಗೋಧೀನಾ?"

"ಗೋಧಿಯಾಗಿದ್ರೆ ಬಾಯ್ಮುಚ್ಚಿಕೊಂಡು ಕೂತಿರ್ತಿತ್ತು. ತಿರುಗಿಸು!"

ಲಾರಿ ತೂಗುವ ಕಟ್ಟೆಯ ಪಕ್ಕದ ಗಾಜಿನ ಕೋಣೆಯಲ್ಲಿ ಡೀನೆಟ್ ಎಂಬ ಹೆಂಗಸು ಕೂತಿದ್ದಳು. ಅವಳ ಹಿಂದೆ ಕಾಫಿ ಹೀರುತ್ತಿದ್ದ ನಾಲ್ಕಾರು ರೈತರು ಬೇರೇನೂ ಕೆಲಸವಿಲ್ಲದೆ ಕಿಟಕಿಗೆ ಬಂದು ಅಂಟಿಕೊಂಡರು. ಮಾರ್ಲಿಸ್ ಗಾಲಿಮನೆಯ ಹಿಂದಿನ ಬಾಗಿಲು ತೆಗೆದಳು. ರಾಶಿ ನೋಡಿದ್ದೇ ಅವಳಿಗೆ ಮೈಯೆಲ್ಲ ಉರಿಯಿತು.

"ದಾಂಡಿಗರನ್ನೆಲ್ಲ ಹಿಂದಿನ ಬೆಂಚಿಗೇ ಕೂರ್ಸಿದ್ದೀಯಲ್ಲ ಮಾರಾಯ! ಬಾಲ ಬೀಸ್ದೆ ಏನ್ ಮಾಡುತ್ತೆ? ಕಾರು ಚೆಂದ ಕಾಣ್ಲಿ ಅಂತ ನಮ್ಮನ್ನ ಕೊಲ್ಲೋಕೆ ಹೊರಟಿದ್ದೀಯಾ?"

ಅವಳೇ ತೊಟ್ಟಿಯ ಬಿರಡೆ ಎಳೆದಳು. ಬಾವಿಯ ನೀರು ಜಲ್ಲಿಯ ಮೇಲೆ ಭೋರೆಂದು ಹರಿದುಹೋಗುವುದನ್ನು ಆರ್ವಿಡ್ ಹಾಲು ಚೆಲ್ಲಿದವನಂತೆ ನೋಡುತ್ತ ನಿಂತ. ಉಳಿದ ಭಾರವನ್ನೆಲ್ಲ ಚಕ್ರಗಳ ಮುಂದಕ್ಕೆ ಸಾಗಿಸಿದರು. ಕಾರು ಮತ್ತೆ ಕುಸಿಯಿತು.

ಕಾರು ಕಟ್ಟೆಯ ಮೇಲೆ, ಗಾಲಿಮನೆಯ ಚಕ್ರ ಹೊರಗೆ. ಇಬ್ಬರೂ ಕಾರಿನೊಳಗೆ ಕೂತರು. ಕಾರಿನ ಒಟ್ಟು ಭಾರ ಎಷ್ಟು ಮೀರಬಾರದು ಎಂದು ಬಾಗಿಲ ಚೌಕಟ್ಟಿನಲ್ಲೇ ಅಂಟಿಸಿತ್ತು, ಮಾರ್ಲಿಸ್ ಅದನ್ನು ಕೂಗಿ ಹೇಳಿದಳು.

"ಜಾಸ್ತಿ ಇದೆ!" ಎಂದಿತು ಧ್ವನಿವರ್ಧಕದಲ್ಲಿ ಡೀನೆಟ್‌ಳ ದನಿ, ಅರ್ಧ ಊರಿಗೆ ಕೇಳುವಂತೆ.

ಜನರೇಟರು ಇಳಿಯಿತು. "ಇನ್ನೂ ಜಾಸ್ತಿ!" ಹತಾರದ ಪೆಟ್ಟಿಗೆ ಇಳಿಯಿತು. "ಇನ್ನೂ!" ಇದ್ದಿಲು, ಕಬ್ಬಿಣದ ಒಲೆ, ಮಾರ್ಲಿಸ್‌ಳ ಹೊಲಿಗೆ ಯಂತ್ರವೂ ಇಳಿದವು. ಹೊಲಿಗೆ ಯಂತ್ರ ಇಳಿಸುವಾಗ ಅವಳ ಕಣ್ಣಲ್ಲಿ ನೀರಾಡಿತು. ಮತ್ತೆ ಬಂದು ಕೂತರು.

"ಇನ್ನೊಂದು ಇನ್ನೂರು ಪೌಂಡ್ ಇಳಿಸ್ರಪ್ಪಾ!"

ಇಳಿಸಲು ಇನ್ನೇನಿತ್ತು? ಹಾಸಿಗೆ, ಬಟ್ಟೆ, ರೂಬಾರ್ಬ್ ಎಂಬ ಹುಳಿದಂಟು ಹಾಕಿದ ಒಂದು ಡಬ್ಬಿ ಕೇಕು. ಬಿಸಿಲು ವಾಲುತ್ತಿತ್ತು.

"ಲೋವೆಲ್‌ಗೆ ಫೋನ್ ಮಾಡು," ಎಂದಳು.

"ಆಗಲ್ಲ."

"ಯಾಕಾಗಲ್ಲ? ನಾಲಿಗೆ ಬಿದ್ದುಹೋಗುತ್ತಾ? ಎಷ್ಟು ವರ್ಷ ಕಾದಿದ್ದೀನಿ ಗೊತ್ತಲ್ಲ ನಿಂಗೆ!"

"ನಾಳೆ ಹೋದ್ರಾಯ್ತು. ಪಾರ್ಕಿನ ಆಕೆಗೆ ನಾನು ವಿವರಿಸಿ ಹೇಳ್ತೀನಿ."

"ನಾಳೆ ಅಲ್ಲಿ ಬೇರೆಯವರ ಗಾಲಿಮನೆ ನಿಂತಿರುತ್ತೆ! ಅವರು ಜಾಗ ತೋರಿಸ್ತಾರೆ, ಹೋಗಿ ಡೇರೆ ಹಾಕು, ನೀನೊಬ್ನೇ ಮಲ್ಕೋ!"

"ಅವನ ಮುಂದೆ ಕೈ ಚಾಚೋದಿಲ್ಲ ಅಂದ್ರೆ ಇಲ್ಲ!" ಎಂದು ಆರ್ವಿಡ್ ಕಾರಿನಿಂದ ಇಳಿದು ಬಾಗಿಲನ್ನು ದಢಾರನೆ ಬಡಿದು, ಕಟ್ಟೆಯಿಂದ ಕೆಳಗೆ ಹೋಗಿ ನಿಂತ.

ಧ್ವನಿವರ್ಧಕ ಗರಗರ ಎಂದಿತು. "ಹಾಂ, ಈಗ ಸರಿಹೋಯ್ತು ನೋಡಿ! ಏನ್ ಇಳಿಸಿದ್ರಿ?"

ಕಿಟಕಿಯಲ್ಲಿದ್ದ ರೈತರೆಲ್ಲ ಒಟ್ಟಿಗೆ ಆರ್ವಿಡ್‌ನನ್ನು ನೋಡಿದರು. ಒಬ್ಬ ಕಾಫಿಯನ್ನು ಮೂಗಿಗೆ ಹತ್ತಿಸಿಕೊಂಡು ಕೆಮ್ಮಿದ. ಮಾರ್ಲಿಸ್ ನಗಲಿಲ್ಲ. ಗಂಡನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದಳು. ಆಮೇಲೆ ಮಂಡಿ ಹಿಡಿದುಕೊಂಡು ಚಾಲಕನ ಸೀಟಿಗೆ ಸರಿದಳು.

"ಏಯ್, ನೀನು ಓಡಿಸ್ತೀಯಾ? ಹಿಂದೆ ಮನೆ ಕಟ್ಟಿದೆ ಕಣೇ!"

"ಇದಕ್ಕಿಂತ ಉದ್ದದ ಬಸ್ಸಲ್ಲಿ ಊರ ಮಕ್ಕಳನ್ನೆಲ್ಲ ಹಿಮದಲ್ಲಿ ಮನೆ ಮುಟ್ಟಿಸಿದ್ದೀನಿ. ಆಗ ಯಾರೂ ಕೇಳ್ಲಿಲ್ಲ."

"ಮತ್ತೆ ನಾನು?"

"ಲೋವೆಲ್ ಪಿಕಪ್ ದೊಡ್ಡದು. ನಿನ್ನನ್ನೂ ಹೊರುತ್ತೆ, ಜನರೇಟರನ್ನೂ ಹೊರುತ್ತೆ. ನನ್ನ ಹೊಲಿಗೆ ಯಂತ್ರ ಮರೀಬೇಡ."

ಅವಳು ಹೊರಟೇಬಿಟ್ಟಳು. ಹೆದ್ದಾರಿಗೆ ಸೇರುವಾಗ ಕನ್ನಡಿಯಲ್ಲಿ ನೋಡಿದಳು. ಸಾಮಾನಿನ ರಾಶಿಯ ನಡುವೆ ಇದ್ದಿಲ ಚೀಲದ ಮೇಲೆ ಆರ್ವಿಡ್ ಕೂತಿದ್ದ. ಫೋನು ಕೈಯಲ್ಲಿತ್ತು, ಕಿವಿಗೆ ಇನ್ನೂ ಹೋಗಿರಲಿಲ್ಲ. ಅಯ್ಯೋ ಪಾಪ ಅನ್ನಿಸಿತು. ಆದರೂ ಕಾಲು ಬ್ರೇಕಿನ ಮೇಲೆ ಹೋಗಲಿಲ್ಲ. ಗಾಲಿಮನೆ ಸದ್ದಿಲ್ಲದೆ ನೇರ ಹಿಂದೆ ಬಂತು.

ಪೆಲಿಕನ್ ಕೆರೆಯ ಬಾಗಿಲಲ್ಲಿ ಅಧಿಕಾರಿಣಿ ಕಾಯುತ್ತಿದ್ದಳು. ಸೂರ್ಯ ಇನ್ನೂ ನೀರಿನ ಮೇಲಿದ್ದ. "ನೀವು ಇಬ್ರು ಅಲ್ವಾ?" ಎಂದು ಕೇಳಿದಳು.

"ಇನ್ನೊಬ್ರು ಹಿಂದೆ ಬರ್ತಿದ್ದಾರೆ, ಭಾರದ ಸಾಮಾನಿನ ಜೊತೆ," ಎಂದಳು ಮಾರ್ಲಿಸ್.

ಕತ್ತಲು ಕವಿಯುವ ಹೊತ್ತಿಗೆ ಪಿಕಪ್ ಬಂತು. ಲೋವೆಲ್ ಹೊಲಿಗೆ ಯಂತ್ರವನ್ನು ತಾನೇ ಎತ್ತಿ ಒಳಗಿಟ್ಟ. ಆರ್ವಿಡ್ ಮೆಟ್ಟಿಲ ಮೇಲೆ ಕೂತ. ಮಾರ್ಲಿಸ್ ಅವನ ಕೈಗೆ ಪಾರ್ಕಿನ ನಲ್ಲಿ ನೀರಿನ ಕಾಫಿ ಕೊಟ್ಟು, ಸೊಂಟದ ಮೇಲೆ ಕೈಯಿಟ್ಟು ನಿಂತಳು.

ಅವನು ಒಂದು ಗುಟುಕು ಕುಡಿದ. ಕೆರೆ ನೋಡಿದ. ಇನ್ನೊಂದು ಗುಟುಕು ಕುಡಿದ.

"ಪರವಾಗಿಲ್ಲ," ಎಂದ. "ಲೋವೆಲ್‌ಗೂ ಒಂದು ಲೋಟ ಕೊಡು."