ಕಿವಿ ನೋಡದ ದೊಡ್ಡಮ್ಮ

ಹೆತ್ತ ಮಗುವಿಗೆ ಹೆತ್ತವಳು ಮದ್ದು ಕೊಡುವಂತಿಲ್ಲ. ಇದು ಆ ಮನೆಯಲ್ಲಿ ಮಾವನವರು ಹಾಕಿದ ಕಟ್ಟಳೆ. ಇಬ್ಬರು ಸೊಸೆಯರೂ ಮಕ್ಕಳ ಡಾಕ್ಟರುಗಳು. ಕೆಳಗೆ ಕ್ಲಿನಿಕ್ಕು, ಮೇಲೆ ಮನೆ. ಮಾವನವರೂ ಅದೇ ಕ್ಲಿನಿಕ್ಕಿನಲ್ಲಿ ತಲೆ ನೆರೆಯುವ ತನಕ ಮಕ್ಕಳನ್ನು ನೋಡಿದವರೇ. ಕಿವಿ ಮಂದವಾಗಿ ಮಕ್ಕಳ ಎದೆಯ ಸದ್ದು ಸರಿಯಾಗಿ ಕೇಳಿಸದಂತಾದ ಮೇಲೆ ಎರಡು ಕೋಣೆಗಳನ್ನು ಇಬ್ಬರು ಸೊಸೆಯರಿಗೆ ಬಿಟ್ಟುಕೊಟ್ಟು, ತಾವು ಹೊರಗಡೆ ರೋಗಿಗಳು ಕಾಯುವ ಬೆಂಚಿನ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದರು. "ತಾಯಿ ಕಣ್ಣಿಗೆ ಒಂದೋ ಏನೂ ಕಾಣಲ್ಲ, ಇಲ್ಲಾ ಇಲ್ಲದ್ದೆಲ್ಲ ಕಾಣುತ್ತೆ. ಅದಕ್ಕೇ ನಿನ್ನ ಮಗೂನ ಅವಳು ನೋಡ್ಲಿ, ಅವಳ ಮಗೂನ ನೀನು ನೋಡು" ಎಂದಿದ್ದರು.

ಮಾತು ನೂರಕ್ಕೆ ನೂರು ಸರಿ. ಆದರೆ ಮನೆಯಲ್ಲಿ ಹೊಟ್ಟೆಕಿಚ್ಚು ಬೆಳೆಸಬೇಕೆಂದು ಯಾರಾದರೂ ಕೂತು ಯೋಚಿಸಿದ್ದರೂ ಇದಕ್ಕಿಂತ ಒಳ್ಳೆಯ ಕಟ್ಟಳೆ ಅವರಿಗೆ ಹೊಳೆಯುತ್ತಿರಲಿಲ್ಲ.

ಹಿರಿಸೊಸೆಗೆ ಒಬ್ಬ ಮಗ. ಅವನ ಕೆಮ್ಮು, ಭೇದಿ, ಮೈಮೇಲೆದ್ದ ಗುಳ್ಳೆ ಎಲ್ಲವನ್ನೂ ನೋಡಿದ್ದು ಕಿರಿಯವಳು. ಈಗ ಅವನಿಗೆ ಮೀಸೆ ಚಿಗುರುತ್ತಿದೆ, ಇವತ್ತಿಗೂ ತಲೆನೋವೆಂದರೆ ಚಿಕ್ಕಮ್ಮನ ಕೋಣೆಗೇ ಹೋಗುತ್ತಾನೆ. ಕಿರಿಯವಳಿಗೆ ಒಬ್ಬಳು ಮಗಳು. ಮಾತಿಗೆ ಕೂತರೆ ಪಟಪಟ ಸಿಡಿಯುವುದರಿಂದ ಅವಳನ್ನು ಮನೆಯವರೆಲ್ಲ ಚಿನಕುರುಳಿ ಎಂದೇ ಕರೆಯುತ್ತಿದ್ದರು. ಅವಳು ಹುಟ್ಟಿದಾಗಿನಿಂದ ಚುಚ್ಚಿದ ಪ್ರತಿಯೊಂದು ಸೂಜಿ, ಗಂಟಲಿಗೆ ಒತ್ತಿದ ಪ್ರತಿಯೊಂದು ಚಪ್ಪಟೆ ಕಡ್ಡಿ ಹಿರಿಯವಳ ಕೈಯದು. ಆ ಮಗು ದೊಡ್ಡಮ್ಮನ ಬಿಳಿ ಕೋಟು ಮೆಟ್ಟಿಲಲ್ಲಿ ಕಂಡರೆ ಮಂಚದ ಕೆಳಗೆ ನುಗ್ಗುತ್ತಿತ್ತು.

ಅದನ್ನಾದರೂ ಹಿರಿಯವಳು ಸಹಿಸಿಕೊಂಡಾಳು. ಹೊಟ್ಟೆ ಉರಿಸುತ್ತಿದ್ದದ್ದು ಓರಗಿತ್ತಿಯ ಕೋಣೆಯಿಂದ ಬರುವ ನಗು. ಆಕೆ ಸೂಜಿ ಚುಚ್ಚುವಾಗಲೂ ಅರ್ಥವಿಲ್ಲದ ಏನೋ ಹಾಡು ಹೇಳುತ್ತಾಳೆ, ಮಗು ಅಳಲು ಬಾಯಿ ತೆರೆಯುವಷ್ಟರಲ್ಲಿ ಕೆನ್ನೆಗೆ ನಕ್ಷತ್ರದ ಸ್ಟಿಕರ್ ಅಂಟಿಸಿಬಿಡುತ್ತಾಳೆ. ಬೆಂಚಿನ ಮೇಲೆ ಕೂತ ಮಕ್ಕಳು ಒಬ್ಬಳನ್ನು ನಗು ಡಾಕ್ಟ್ರು ಎಂದೂ ಇನ್ನೊಬ್ಬಳನ್ನು ಅಳು ಡಾಕ್ಟ್ರು ಎಂದೂ ಕರೆಯುವುದು ಹಿರಿಯವಳ ಕಿವಿಗೂ ಬಿದ್ದಿತ್ತು. ಹಿಡಿದ ಕೆಲಸವನ್ನು ಅರ್ಧಕ್ಕೆ ಬಿಡುವ ಜಾಯಮಾನ ಅವಳದಲ್ಲ. ಎದೆ ಮೊದಲು, ಹೊಟ್ಟೆ ಆಮೇಲೆ, ಅಳಿಸುವ ಗಂಟಲು ಕಿವಿಗಳು ಕೊನೆಗೆ. ಆದರೆ ಕೊನೆಗಾದರೂ ನೋಡಲೇಬೇಕು. ಕಿರಿಯವಳೂ ನೋಡುತ್ತಿದ್ದಳು, ಆದರೆ ಅವಳು ನೋಡಿದರೆ ಮಕ್ಕಳು ಅಳುತ್ತಿರಲಿಲ್ಲ. ಅದು ಯಾವ ವಿದ್ಯೆಯೋ. ಹಿರಿಯವಳು ಒಮ್ಮೆ ಬಾಗಿಲು ಹಾಕಿಕೊಂಡು ಅದೇ ಹಾಡನ್ನು ಹೇಳಿ ನೋಡಿದಳು. ತನ್ನ ದನಿ ತನಗೇ ಹೇಸಿಗೆಯಾಯಿತು.

ಆ ಮಧ್ಯಾಹ್ನ ಕಿರಿಯವಳ ಕೋಣೆಯ ಮುಂದೆ ಸಾಲು, ಹಿರಿಯವಳ ಕೋಣೆಯ ಮುಂದೆ ಖಾಲಿ ಬೆಂಚು. ಕಿರಿಯವಳು ಮಗಳ ಕೈ ಹಿಡಿದು ಒಳಗೆ ಬಂದಳು.

"ಅಕ್ಕ, ಶೀತ ವಾಸಿಯಾಗ್ತಾ ಬಂದಿತ್ತು. ಬೆಳಗ್ಗೆಯಿಂದ ಮತ್ತೆ ಜ್ವರ. ಸ್ವಲ್ಪ ನೋಡ್ತೀರಾ? ನನಗೆ ಹೊರಗೆ ಜನ ಇದಾರೆ."

ಜನ ಇದ್ದಾರಂತೆ. ನನಗೆ ಗೊತ್ತಿಲ್ಲದ್ದೇನೋ ಹೇಳುವವಳ ಹಾಗೆ, ಎಂದುಕೊಂಡಳು ಹಿರಿಯವಳು. ಬಾಯಲ್ಲಿ, "ಬಿಟ್ಟು ಹೋಗು, ನೋಡ್ತೀನಿ" ಎಂದಳು.

ಮಗು ಬಾಗಿಲಿಗೆ ಬೆನ್ನು ಒತ್ತಿ ನಿಂತಿತ್ತು. ಮೂಗು ಸೋರುತ್ತಿತ್ತು. ಬಲಗೈ ಬಲಗಿವಿಯನ್ನು ಮುಚ್ಚಿಕೊಂಡಿತ್ತು.

"ಬಾ, ಎದೆ ನೋಡೋಣ."

"ಕಿವಿ ನೋಡಲ್ಲ ಅಂದ್ರೆ ಬರ್ತೀನಿ."

ಕಿವಿ ಮುಚ್ಚಿಕೊಂಡ ಮಗುವಿನ ಕಿವಿಯನ್ನೇ ಮೊದಲು ಅನುಮಾನಿಸಬೇಕು. ಶೀತ ಇಳಿಯುವ ಹೊತ್ತಿಗೆ ಜ್ವರ ಮರಳಿ ಬಂದರಂತೂ ಅನುಮಾನವೇ ಬೇಡ. ಕಲಿಯಲು ಬರುವ ಹುಡುಗಿಯರಿಗೆ ಇದನ್ನು ಹೇಳಿಕೊಟ್ಟವಳು ಇದೇ ಹಿರಿಯವಳು. ಅವಳ ಕೈ ಕಿವಿ ನೋಡುವ ಟಾರ್ಚಿನ ಕಡೆಗೆ ಹೋಯಿತು. ಆಗಲೇ ಪಕ್ಕದ ಕೋಣೆಯಲ್ಲಿ ಯಾವುದೋ ಮಗು ಕಿಲಕಿಲ ನಕ್ಕಿತು, ಅದರ ತಾಯಿಯೂ ನಕ್ಕಳು, ಎಲ್ಲರಿಗಿಂತ ಜೋರಾಗಿ ಓರಗಿತ್ತಿ ನಕ್ಕಳು.

ಹಿರಿಯವಳು ಟಾರ್ಚನ್ನು ಡ್ರಾಯರಿನೊಳಗೆ ತಳ್ಳಿದಳು.

"ಆಯ್ತು, ನೋಡಲ್ಲ."

"ಪ್ರಾಮಿಸ್?"

"ಪ್ರಾಮಿಸ್."

ಮಗು ಬಂದು ತಾನಾಗಿಯೇ ಅವಳ ತೊಡೆ ಹತ್ತಿ ಕೂತಿತು. ಹಾಗೆ ಕೂತದ್ದು ಅದೇ ಮೊದಲು. ಜ್ವರದ ಮೈ ಬೆಚ್ಚಗಿತ್ತು. ಎದೆ ಚೆನ್ನಾಗಿತ್ತು, ಗಂಟಲಿಗೆ ಕಡ್ಡಿ ಹಾಕದೆ "ಆ" ಅನ್ನಿಸಿ ದೂರದಿಂದಲೇ ಬಗ್ಗಿ ನೋಡಿದ್ದಾಯಿತು. ಮಗು ತನ್ನ ಕೆನ್ನೆಯ ಮೇಲಿದ್ದ ಅಮ್ಮನ ನಕ್ಷತ್ರವನ್ನು ಕಿತ್ತು ದೊಡ್ಡಮ್ಮನ ಕೋಟಿಗೆ ಅಂಟಿಸಿತು. "ಇದು ನಿಂಗೆ. ನೀನು ಅಳಲಿಲ್ಲ ಅಲ್ವಾ, ಅದಕ್ಕೆ" ಎಂದಿತು. ಹಿರಿಯವಳು ಗಟ್ಟಿಯಾಗಿ ನಕ್ಕಳು. ಪಕ್ಕದ ಕೋಣೆಗೆ ಕೇಳಿಸಲಿ ಎಂದು ಇನ್ನೂ ಸ್ವಲ್ಪ ಜಾಸ್ತಿಯೇ ನಕ್ಕಳು. ಜ್ವರದ ಸಿರಪ್ಪು ಬರೆದು, ಮಗುವನ್ನು ಎತ್ತಿಕೊಂಡು ಹೊರಬಂದಳು. ನಡೆದೇ ಬರಬಹುದಾದ ಮಗುವನ್ನು ಯಾಕೆ ಎತ್ತಿಕೊಂಡಳೆಂದು ಬಿಡಿಸಿ ಹೇಳಬೇಕಾಗಿಲ್ಲ.

ಮಾವನವರು ಕನ್ನಡಕದ ಮೇಲಿಂದ ನೋಡಿದರು. "ಮಗು ಅತ್ತಿದ್ದೇ ಕೇಳಿಸ್ಲಿಲ್ಲವಲ್ಲಮ್ಮ. ಕಿವಿ ನೋಡಿದ್ಯಾ?"

"ನೋಡ್ದೆ ಮಾವ. ನಿಮಗೇ ಕೇಳಿಸ್ಲಿಲ್ಲ ಅಷ್ಟೆ."

ಮುದುಕರು ತಮ್ಮ ಕಿವಿಯನ್ನೊಮ್ಮೆ ಮುಟ್ಟಿ ನೋಡಿಕೊಂಡರು.

ಮರುದಿನವೆಲ್ಲ ಹಿರಿಯವಳ ಕಾಲು ನೆಲದ ಮೇಲಿರಲಿಲ್ಲ. ಸಿರಪ್ಪಿಗೆ ಜ್ವರ ಇಳಿದಿತ್ತು. ಊಟಕ್ಕೆ ಕೂತರೆ ಮಗು "ನಾನು ದೊಡ್ಡಮ್ಮನ ಪಕ್ಕ" ಎಂದಿತು. ಕಿರಿಯವಳು ಮಗಳ ತಟ್ಟೆಯನ್ನು ಎತ್ತಿ ಆ ಕಡೆ ಇಟ್ಟಳು. ಅವಳ ಮುಖದಲ್ಲಿ ಹಾದುಹೋದ ನೆರಳನ್ನು ಹಿರಿಯವಳು ಸರಿಯಾಗಿಯೇ ಕಂಡಳು. ಅದೇನೆಂದು ಅವಳಿಗೆ ಚೆನ್ನಾಗಿ ಗೊತ್ತು, ಬಹಳ ವರ್ಷ ಅದನ್ನೇ ತಿಂದು ಬದುಕಿದವಳು. ಹಾಲು ಕುಡಿದಷ್ಟು ಸಂತೋಷವಾಯಿತು. ನಡುವೆ ಮಗು ಅಗಿಯುವುದನ್ನು ನಿಲ್ಲಿಸಿ ಬಲಗೆನ್ನೆ ಹಿಡಿದುಕೊಂಡಿತು. ಅದನ್ನೂ ಕಂಡಳು. ನಾಳೆ ನೋಡಿದರಾಯಿತು ಎಂದುಕೊಂಡಳು.

ಮರುದಿನ ಬೆಳಗ್ಗೆ ಕಿರಿಯವಳು ಮಗಳ ಜೊತೆ ದಿಂಬಿನ ಚೀಲವನ್ನೂ ಹಿಡಿದು ಬಂದಳು. ಅದರ ಮೇಲೆ ಅಂಗೈಯಗಲದ ಹಳದಿ ಕಲೆ, ನಡುವೆ ರಕ್ತದ ಗೆರೆ. ಮಗುವಿನ ಬಲಗಿವಿಯಿಂದ ಕತ್ತಿನವರೆಗೆ ಕೀವು ಇಳಿದು ಒಣಗಿತ್ತು.

"ಅಕ್ಕ, ಕಿವಿ ಒಡೆದಿದೆ. ಮೊನ್ನೆ ನೋಡಿದಾಗ ಕೆಂಪಗಿತ್ತಾ?"

ಕಿವಿ ಒಂದು ದಿನ ಚೆನ್ನಾಗಿದ್ದು ಮರುದಿನ ಕೆಡುವುದುಂಟು. ಡಾಕ್ಟರಾದವರು ಯಾರೇ ಆದರೂ ಅದನ್ನು ನಂಬುತ್ತಾರೆ. ಹಿರಿಯವಳಿಗೆ ಮಾತು ಬಿಸಿತುಪ್ಪವಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಕೊನೆಗೆ ಮೇಜಿನ ಕಡೆ ನೋಡಿಕೊಂಡು, "ಇಲ್ಲ, ಚೆನ್ನಾಗೇ ಇತ್ತು" ಎಂದಳು.

"ಇಲ್ಲಮ್ಮ," ಎಂದಿತು ಮಗು. ತನ್ನ ದೊಡ್ಡಮ್ಮನನ್ನು ಹೊಗಳುವ ಸಡಗರ ಅದಕ್ಕೆ. "ದೊಡ್ಡಮ್ಮ ಕಿವಿ ನೋಡ್ಲೇ ಇಲ್ಲ. ಪ್ರಾಮಿಸ್ ಮಾಡಿತ್ತು. ದೊಡ್ಡಮ್ಮ ತುಂಬ ಒಳ್ಳೇದು, ಗೊತ್ತಾ."

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಇಷ್ಟು ವರ್ಷ ಅಳು ಡಾಕ್ಟ್ರು ಎನ್ನಿಸಿಕೊಂಡರೂ ಈ ಕೋಣೆಯಲ್ಲಿ ಯಾವ ಮಗುವಿನ ಕಿವಿಯೂ ತಪ್ಪಿರಲಿಲ್ಲ. ತಪ್ಪಿದ್ದು ಮನೆಯ ಮಗುವಿನದು.

ಕಿರಿಯವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಹಿರಿಯವಳಿಗೆ ಎಷ್ಟೋ ಹಗುರವಾಗುತ್ತಿತ್ತು.

"ನಿನ್ನೆಯೆಲ್ಲ ದೊಡ್ಡಮ್ಮ ದೊಡ್ಡಮ್ಮ ಅಂತಿದ್ಲು ಅಕ್ಕ," ಎಂದಳು ಮೆಲ್ಲಗೆ. "ನನಗೆ ಹೊಟ್ಟೆ ಉರಿದು ಹೋಗಿತ್ತು. ನಾನು ನೋಡೋ ಮಕ್ಕಳು ನಕ್ಕೊಂಡು ಹೋಗ್ತಾರೆ, ನನ್ನ ಮಗಳು ಮಾತ್ರ ನನ್ನ ಬಿಟ್ಟು ನಿಮ್ಮ ಹತ್ರ ಬಂದ್ಲಲ್ಲ ಅಂತ. ಈಗ ಉರೀತಿಲ್ಲ."

ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ತಾಗುತ್ತಿರಲಿಲ್ಲ.

ಆಮೇಲೆ ಕಿರಿಯವಳು ತಾನೇ ಟಾರ್ಚು ತೆಗೆದುಕೊಳ್ಳಬಹುದೆಂದು ಹಿರಿಯವಳು ಕಾದಳು. ತೆಗೆದುಕೊಳ್ಳಲಿ, ಎಂದುಕೊಂಡಳು. ಆದರೆ ಅವಳು ಕುರ್ಚಿಯಲ್ಲಿ ಕೂತು, ಮಗಳನ್ನು ತೊಡೆಯ ಮೇಲೆ ಅಡ್ಡಲಾಗಿ ಕೂರಿಸಿಕೊಂಡು, ಒಂದು ಕೈಯಿಂದ ಅವಳ ತೋಳುಗಳನ್ನೂ ಇನ್ನೊಂದರಿಂದ ತಲೆಯನ್ನೂ ಎದೆಗೆ ಒತ್ತಿ ಹಿಡಿದಳು.

"ನೋಡಿ ಅಕ್ಕ. ಎರಡೂ ಕಿವಿ ನೋಡಿ. ನಾನು ತಾಯಿ, ನಾನು ನೋಡಬಾರದು."

ಹಿರಿಯವಳು ಡ್ರಾಯರು ಎಳೆದು ಟಾರ್ಚು ತೆಗೆದಳು. ಮಗುವಿಗೆ ಅದು ಕಂಡದ್ದೇ ತಡ, ಮುಖವೇ ಬದಲಾಯಿತು. "ನೀನು ಪ್ರಾಮಿಸ್ ಮಾಡಿದ್ದೆ," ಎಂದಿತು ಮೊದಲು, ಇನ್ನೂ ನಂಬಿಕೆ ಪೂರ್ತಿ ಬಿಡದ ದನಿಯಲ್ಲಿ. ಆಮೇಲೆ ಚೀರಿತು, ಒದೆಯಿತು. ಹಿರಿಯವಳು ಕಿವಿಯನ್ನು ಹಿಂದಕ್ಕೆಳೆದು, ಹತ್ತಿಯ ಬತ್ತಿಯಿಂದ ಕೀವನ್ನು ಮೆಲ್ಲಗೆ ಹೀರಿಸಿ, ಬಗ್ಗಿ ನೋಡಿದಳು. ಕಿವಿಯ ತಮಟೆಯಲ್ಲಿ ಸಣ್ಣ ತೂತು. ಇಂಥವು ಹೆಚ್ಚಾಗಿ ತಾವಾಗಿಯೇ ಕೂಡಿಕೊಳ್ಳುತ್ತವೆ. ಹೆಚ್ಚಾಗಿ. ಕಿವಿಯ ಹಿಂದಿನ ಮೂಳೆ ಒತ್ತಿ ನೋಡಿದಳು, ಊತವಿರಲಿಲ್ಲ. ಎಡಗಿವಿಯೂ ಕೆಂಪಾಗಿತ್ತು, ಆದರೆ ಒಡೆದಿರಲಿಲ್ಲ. ಆಂಟಿಬಯಾಟಿಕ್ ಬರೆದಳು, ಕಿವಿಗೆ ನೀರು ಸೋಕಕೂಡದೆಂದು ಬರೆದಳು, ತೂತು ಕೂಡಿದ ಮೇಲೆ ಕಿವಿ ಸರಿಯಾಗಿ ಕೇಳುತ್ತಿದೆಯೇ ಎಂದು ಪರೀಕ್ಷೆ ಮಾಡಿಸಬೇಕೆಂದೂ ಬರೆದಳು. ಆ ಕೊನೆಯ ಸಾಲನ್ನು ಬರೆದು ಇನ್ನೊಮ್ಮೆ ಓದಿಕೊಂಡಳು.

"ತಪ್ಪಾಯ್ತು ಕಣೆ," ಎಂದಳು.

ಕಿರಿಯವಳು ಮಗಳನ್ನು ಎತ್ತಿಕೊಂಡು ಎದ್ದಳು. ಬಿಕ್ಕುತ್ತಿದ್ದ ಮಗು ಅಮ್ಮನ ಹೆಗಲ ಮೇಲಿಂದ ಕೈಚಾಚಿ, ದೊಡ್ಡಮ್ಮನ ಕೋಟಿನ ಮೇಲೆ ಇನ್ನೂ ಅಂಟಿಕೊಂಡಿದ್ದ ನಕ್ಷತ್ರವನ್ನು ಉಗುರಿನಿಂದ ಕೆರೆದು ಕಿತ್ತುಕೊಂಡಿತು. ಅದನ್ನು ಅಮ್ಮನ ತೋಳಿಗೆ ಅಂಟಿಸಿ, ಮೇಲಿಂದ ಒತ್ತಿತು.

ಅವರ ಹಿಂದೆಯೇ ಹಿರಿಯವಳೂ ಬಾಗಿಲ ತನಕ ಬಂದಳು. ಬೆಂಚಿನ ಮೇಲಿದ್ದ ತಾಯಂದಿರು ತಮ್ಮ ತಮ್ಮ ಮಕ್ಕಳನ್ನು ಹತ್ತಿರಕ್ಕೆ ಎಳೆದುಕೊಂಡಿದ್ದರು. ಮಾವನವರು ಕುರ್ಚಿಯಿಂದ ತಲೆಯೆತ್ತಿ, ಅಳುತ್ತ ಹೋದ ಮೊಮ್ಮಗಳನ್ನೂ ಹಿರಿಸೊಸೆಯ ಕೈಯಲ್ಲಿದ್ದ ಟಾರ್ಚನ್ನೂ ನೋಡಿದರು.

"ಇವತ್ತು ಕೇಳಿಸ್ತಮ್ಮ," ಎಂದರು.