ತೂಕ ಇಳಿಸಿದ ತಪ್ಪಿಗೆ

"ನೀರು ಕುಡಿದು ಬಂದಿದ್ದೀಯಲ್ಲೋ, ಕಳ್ಳ! ತೂಕದ ಯಂತ್ರಕ್ಕೇ ಟೋಪಿ ಹಾಕ್ತೀಯಾ?" ಎಂದ ಅಣ್ಣ.

"ಯಾರು ಹೇಳಿದ್ದು ನಿಂಗೆ?"

"ನಿನ್ನ ಹೊಟ್ಟೇನೇ ಹೇಳ್ತಿದೆ. ತುಂಬಿದ ಕೊಡದ ಹಾಗೆ ಕುಲುಕ್ತಿದೆ. ಹೋಗು, ಖಾಲಿ ಮಾಡ್ಕೊಂಡು ಬಂದು ಮತ್ತೆ ಹತ್ತು."

"ಹತ್ತಲ್ಲ. ಏನು ಕಿತ್ಕೋತೀಯೋ ಕಿತ್ಕೋ."

ಭಾರ ಎತ್ತುತ್ತಿದ್ದ ಗುಂಡ ಬಾರ್ ಕೆಳಗಿಟ್ಟು ನಮ್ಮನ್ನೇ ನೋಡುತ್ತಾ ನಿಂತ. ತಂಡದ ಉಳಿದವರೂ ಕೈ ನಿಲ್ಲಿಸಿದರು.

ನನ್ನ ಅಣ್ಣನೇ ನಮ್ಮ ಕೋಚ್. ಬಟ್ಟೆ ಗಿರಣಿಯ ನೇಯ್ಗೆ ಶೆಡ್ಡಿನ ಕೆಳಗೆ, ನೆಲಮಾಳಿಗೆಯಲ್ಲಿ ನಮ್ಮ ವೇಟ್‌ಲಿಫ್ಟಿಂಗ್ ಹಾಲ್. ಕಿಟಕಿ ಇಲ್ಲ. ಮೇಲೆ ಮಗ್ಗಗಳು ಓಡುವಾಗ ಛಾವಣಿಯ ಸುಣ್ಣ ಉದುರಿ ಹೆಗಲ ಮೇಲೆ ಬೀಳುತ್ತದೆ. ಕಾಗದದಲ್ಲಿ ನಾವೆಲ್ಲ ಗೋದಾಮಿನ ಹಮಾಲರು. ಗಿರಣಿ ನಮಗೆ ಕೆಲಸ ಕೊಟ್ಟದ್ದು, ಸಾಲುಮನೆ ಕೊಟ್ಟದ್ದು ಮಾತ್ರ ಅದರ ತಂಡಕ್ಕೆ ಭಾರ ಎತ್ತಲಿ ಎಂದು. ಒಂದೊಂದು ತೂಕದ ವರ್ಗಕ್ಕೆ ಒಬ್ಬೊಬ್ಬ. ನೂರು ಕಿಲೋ ದಾಟಿದವರ ವರ್ಗಕ್ಕೆ ನಾನೊಬ್ಬನೇ. ಹಾಗಾಗಿ ನಾನು ನೂರರ ಕೆಳಗೆ ಇಳಿಯುವಂತಿಲ್ಲ; ದಿನಾ ಬೆಳಗ್ಗೆ ಅಣ್ಣನೆದುರು ಮಾರಾಟದ ಕುರಿಯಂತೆ ತೂಕಕ್ಕೆ ನಿಲ್ಲಬೇಕು. ಮನೆಗೆ ಹೋದರೂ ಬಿಡುಗಡೆಯಿಲ್ಲ. ಅವನ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ನಾನು ಕೆಮ್ಮಿದರೆ ಅವನು ಆ ಕಡೆಯಿಂದ "ಬಿಸಿನೀರು ಕುಡಿಯೋ" ಎನ್ನುತ್ತಾನೆ.

ಎಲ್ಲ ಶುರುವಾದದ್ದು ಒಂದು ಬಸ್ಸಿನಿಂದ. ಗೇಟಿನಿಂದ ನಿಲ್ದಾಣದವರೆಗೆ ಓಡಿ ಬಸ್ಸು ಹತ್ತಿದೆ. ಕಂಬ ಹಿಡಿದು ಮೀನಿನಂತೆ ಬಾಯಿ ಬಿಡುತ್ತಿದ್ದೆ. ಒಬ್ಬ ಅಜ್ಜಿ ಎದ್ದು, "ಕೂತ್ಕೋ ಮಗಾ, ಎದೆನೋವಾ?" ಎಂದು ತನ್ನ ಸೀಟು ಬಿಟ್ಟುಕೊಟ್ಟಳು. ಬಸ್ಸೆಲ್ಲ ನನ್ನನ್ನೇ ನೋಡಿತು. ನಾಚಿಕೆಯಿಂದ ಕಿಟಕಿಯ ಹೊರಗೆ ಮುಖ ತಿರುಗಿಸಿದೆ. ಅಲ್ಲಿ ಕೆರೆಯಿಂದ ಎದ್ದು ಬಂದವರು ಮೈಯನ್ನೂ ಒರೆಸಿಕೊಳ್ಳದೆ ಸೈಕಲ್ ಹತ್ತಿ ಹೋಗುತ್ತಿದ್ದರು. ಅದರ ಹೆಸರು ಟ್ರಯಾಥ್ಲಾನ್, ಈಜಿ, ಸೈಕಲ್ ತುಳಿದು, ಕೊನೆಗೆ ಓಡಬೇಕು ಎಂದು ಆಮೇಲೆ ಕೇಳಿ ತಿಳಿದೆ. ನನಗೆ ಹಿಡಿಸಿದ್ದು ಇಷ್ಟು: ಅವರು ನಿಂತಲ್ಲೇ ನಿಲ್ಲದೆ ಎಲ್ಲಿಗೋ ಹೋಗುತ್ತಿದ್ದರು. ನಾನು ಇಷ್ಟು ವರ್ಷ ಬೆವರು ಸುರಿಸಿದ್ದೆಲ್ಲ ಭಾರ ಎತ್ತುವ ಒಂದೇ ಹಲಗೆಯ ಮೇಲೆ.

ಹೊಸಬರ ಟ್ರಯಾಥ್ಲಾನಿಗೆ ಕದ್ದುಮುಚ್ಚಿ ತಯಾರಿ ಶುರುಮಾಡಿದೆ. ಈಜುಕೊಳದಲ್ಲಿ ಮೊದಲ ದಿನವೇ ಗುಂಡುಕಲ್ಲಿನಂತೆ ತಳ ಸೇರಿದೆ. ಭಾರ ಎತ್ತುವವನು ಉಸಿರು ಎಳೆದು, ಹೊಟ್ಟೆ ಬಿಗಿದು, ಬಾರ್ ಮೇಲೇರುವವರೆಗೆ ಉಸಿರು ಬಿಡುವುದಿಲ್ಲ. ನೀರಿನಲ್ಲೂ ಹಾಗೇ ಮಾಡಿದೆ. ಮೈಯೆಲ್ಲ ಮರದ ಕೊರಡಾಯಿತು.

"ಉಸಿರು ಬಿಡ್ರೀ!" ಎಂದು ಈಜು ಕಲಿಸುವ ಮೇಡಂ ದಂಡೆಯಿಂದ ಕಿರುಚಿದರು. "ನೀರೊಳಗೆ ಏನನ್ನ ಎತ್ತೋಕೆ ಹೊರಟಿದ್ದೀರಿ?"

ಉಸಿರು ಬಿಡುವುದನ್ನು ಕಲಿಯಲು ವಾರಗಳೇ ಹಿಡಿದವು. ಸೈಕಲ್ ಸೀಟು ಎರಡು ಸಲ ಮುರಿಯಿತು. ಓಡಿದರೆ ಮೊಣಕಾಲು ಬೈಯುತ್ತಿತ್ತು. ಆದರೂ ತೂಕ ಇಳಿಯಿತು. ಅದೇ ಪೀಕಲಾಟ. ಓಡಿ ಇಳಿಸಿದ್ದನ್ನು ನಲ್ಲಿಗೆ ಬಾಯಿಟ್ಟು ಮತ್ತೆ ತುಂಬಿಸಿಕೊಂಡು ಯಂತ್ರ ಹತ್ತುತ್ತಿದ್ದೆ. ಕುಡಿದು ಕುಡಿದು ವಾಕರಿಕೆ ಬರುತ್ತಿತ್ತು. ನನ್ನ ಮೈಯಿಂದ ನಾನೇ ಹೊರಬೀಳುವುದು, ಮರುಗಳಿಗೆ ನಾನೇ ಒಳಕ್ಕೆ ತಳ್ಳಿಕೊಳ್ಳುವುದು.

ಇವತ್ತು ಸಿಕ್ಕಿಬಿದ್ದೆ.

"ಭಾನುವಾರ ಗಿರಣಿಗಳ ಪಂದ್ಯ," ಎಂದ ಅಣ್ಣ. "ಈಗ ಮೈ ಕರಗಿಸ್ಕೊಂಡು ಕೂತಿದ್ದೀಯಲ್ಲ, ಯಾಕೆ? ಕಾಯಿಲೆನಾ?"

"ಭಾನುವಾರ ನನ್ನ ಟ್ರಯಾಥ್ಲಾನ್ ಇದೆ. ಪಂದ್ಯಕ್ಕೆ ಬರಲ್ಲ."

"ಏನು ಥ್ಲಾನು?"

ಹೇಳಿದೆ. ಅವನು ನಕ್ಕ. ನಗು ಅರ್ಧಕ್ಕೇ ನಿಂತಿತು.

"ನೂರರ ಮೇಲಿನ ವರ್ಗ ಖಾಲಿ ಬಿಟ್ರೆ ಹಾಲ್ ಮುಚ್ಚಿಸಿ ನೂಲಿನ ಮೂಟೆ ತುಂಬಿಸ್ತೀನಿ ಅಂತ ಮ್ಯಾನೇಜರ್ ಹೇಳಿಯಾಗಿದೆ. ಈ ಗುಂಡನ ಕೆಲಸ, ಇವರೆಲ್ಲರ ಮನೆ, ಏನಾಗ್ಬೇಕು? ನೀನು ಕೆರೇಲಿ ಕಾಲು ಬಡೀತಾ ಇರು!"

"ಅವರ ಹೆಸರು ಹೇಳಿ ನನ್ನನ್ನ ಕಟ್ಟಿ ಹಾಕ್ಬೇಡ ಅಣ್ಣ. ನೀನು ಈ ಗುಂಡಿಯಿಂದ ಹೊರಗೆ ಕಾಲಿಟ್ಟು ಎಷ್ಟು ವರ್ಷ ಆಯ್ತು? ಹೊರಗೆ ನಿನ್ನ ಯಾರು ಕೇಳ್ತಾರೆ? ಭಯ ನಿಂಗೆ. ಅದಕ್ಕೇ ನಮ್ಮನ್ನೂ ಇಲ್ಲೇ ಕೂಡಿ ಹಾಕಿದ್ದೀಯ. ತಾಕತ್ತಿದ್ರೆ ಒಂದು ದಿನ ಹೊರಗೆ ಹೋಗಿ ನೋಡು."

"ಹೋಗ್ಲಾ?"

"ಹೋಗು ಅಂತಿದ್ದೀನಲ್ಲ!"

ಅವನು ತಿರುಗಿ ಬಯ್ಯುತ್ತಾನೆ ಎಂದುಕೊಂಡಿದ್ದೆ. ಬಯ್ಯಲಿಲ್ಲ. ಹೆಗಲಿನ ಟವೆಲ್ ತೆಗೆದು ಬೆಂಚಿನ ಮೇಲಿಟ್ಟ. ಚಪ್ಪಲಿ ಮೆಟ್ಟಿದ. ಒಂದೊಂದೇ ಮೆಟ್ಟಿಲು ಹತ್ತಿ ಹೋದ.

"ಚಹಾ ಕುಡಿಯೋಕೆ ಹೋಗಿರ್ತಾರೆ ಬಿಡಿ," ಎಂದ ಒಬ್ಬ.

ಪಾಳಿ ಮುಗಿಯಿತು, ಅಣ್ಣ ಬರಲಿಲ್ಲ. ರಾತ್ರಿ ಗೋಡೆಯ ಆಚೆ ಅತ್ತಿಗೆಯ ಅಳು ಕೇಳಿಸಿತು. ಮಾರನೆಯ ದಿನ ಅವಳೇ ಬಾಗಿಲಿಗೆ ಬಂದಳು.

"ಫೋನ್ ಮಾಡಿದ್ರು. ಚೆನ್ನಾಗಿದ್ದೀನಿ, ಹುಡುಕ್ಬೇಡಿ ಅಂದ್ರು. ಹಿಂದೆ ಬಸ್ಸಿನ ಸದ್ದು ಕೇಳಿಸ್ತಿತ್ತು. ಏನಂದೆ ನೀನು ಅವರಿಗೆ?"

ಅವಳನ್ನು ದಾಟಿಕೊಂಡು ಗಿರಣಿಯ ದಾರಿ ಹಿಡಿದೆ.

ಹಾಲಿಗೆ ಇಳಿದೆ. ಗುಂಡ ಬಾರಿನ ಮುಂದೆ ನಿಂತಿದ್ದ. ನನ್ನ ಬೆನ್ನ ಹಿಂದೆ ಅಣ್ಣ ಇದ್ದಾನೇನೋ ಎಂದು ಇಣುಕಿದ. ಆಮೇಲೆ ನನ್ನ ಮುಖ ನೋಡಿ ಕೇಳಿದ:

"ಎಷ್ಟು ಹಾಕ್ಲಿ, ಕೋಚ್?"

"ನಾನು ಕೋಚ್ ಅಲ್ಲ ಕಣೋ," ಎಂದು ರೇಗಿದೆ. ಎಲ್ಲರೂ ಕಾಯುತ್ತಿದ್ದರು. "ಹತ್ತು ಕಿಲೋ ಕಮ್ಮಿ ಮಾಡು," ಎಂದೆ ಕೊನೆಗೆ. "ನಿನ್ನ ಬೆನ್ನು ಬಾಗ್ತಿದೆ."

ಭಾನುವಾರ ಕೆರೆಯ ಕಡೆ ಹೊಸಬರು ನೀರಿಗಿಳಿಯುವ ಹೊತ್ತಿಗೆ ಗಿರಣಿಯ ವ್ಯಾನು ಮನೆ ಮುಂದೆ ನಿಂತಿತ್ತು. ಹಿಂದೆ ತಂಡ ತುಂಬಿಕೊಂಡಿತ್ತು. ಡ್ರೈವರ್ ಪಕ್ಕದ ಸೀಟು ಖಾಲಿ. ಅಲ್ಲಿ ಅಣ್ಣ ಕೂರುತ್ತಿದ್ದ. ಹಾರನ್ ಮೇಲೆ ಹಾರನ್. ಅಡಿಗೆಮನೆಯ ನಲ್ಲಿಯ ಕೆಳಗೆ ಬಗ್ಗಿ, ತೂಕ ನೂರು ಕಿಲೋ ದಾಟುವಷ್ಟು ನೀರು ಕುಡಿದು, ಹೋಗಿ ಆ ಸೀಟಿನಲ್ಲಿ ಕೂತೆ.

ಅಣ್ಣ ಆ ಭಾನುವಾರ ಬರಲಿಲ್ಲ. ಆಮೇಲೂ ಬರಲಿಲ್ಲ.