ಬಂಡೆ ಕೂತ ಕುರ್ಚಿ

ಆಪರೇಷನ್ ಆದಮೇಲೆ ನಾನು ಮೊದಲು ಜಗಳವಾಡಿದ್ದು ನಾನೇ ಮಾಡಿದ ಕುರ್ಚಿಯ ಜೊತೆ. ಊಟದ ಮೇಜಿನ ಕುರ್ಚಿ ಅದು. ಮದುವೆಯಾದ ಹೊಸದರಲ್ಲಿ ಮಾಡಿದ್ದು, ಮನೆಯಲ್ಲಿ ನನಗಿಂತ ಹೆಚ್ಚು ಮರ್ಯಾದೆ ಅದಕ್ಕೇ. ಒಂದು ಬೆಳಿಗ್ಗೆ ಅದರ ಮೇಲೆ ಕೂತು ಬೇಯಿಸಿದ ಅರ್ಧ ಮೊಟ್ಟೆ ತಿನ್ನುತ್ತಿದ್ದೆ. ತೂಕ ಇಳಿಸಲೆಂದು ನನ್ನ ಹೊಟ್ಟೆಯನ್ನು ಕತ್ತರಿಸಿ ಬಾಳೆಹಣ್ಣಿನಷ್ಟು ಮಾಡಿದ್ದಾರೆ. ಅಗಿದು ಅಗಿದು ನೀರು ಮಾಡಿ ನುಂಗದಿದ್ದರೆ ಅದು ಮುಲಾಜಿಲ್ಲದೆ ವಾಪಸ್ ಕಳಿಸುತ್ತದೆ. ಹಾಗಾಗಿ ಅರ್ಧ ಮೊಟ್ಟೆಗೂ ಹಬ್ಬದೂಟದಷ್ಟು ಹೊತ್ತು ಹಿಡಿಯುತ್ತದೆ. ಅವತ್ತು ಮೊಟ್ಟೆ ಮುಗಿಯುವ ಮೊದಲೇ ಕೂತಲ್ಲಿ ಮೂಳೆ ನೋಯತೊಡಗಿತು. ಈ ಕಡೆ ವಾಲಿದೆ, ಆ ಕಡೆ ವಾಲಿದೆ. ಕೊನೆಗೆ ಎದ್ದು, ಮೊಳೆಯೇನಾದರೂ ಮೇಲೆದ್ದಿದೆಯಾ ಎಂದು ಸೀಟಿನ ಮೇಲೆ ಕೈಯಾಡಿಸಿದೆ.

"ಏನ್ರೀ ಹುಡುಕ್ತಿದ್ದೀರಿ?" ಎಂದಳು ಹೆಂಡತಿ.

"ಏನೋ ಚುಚ್ತಿದೆ."

"ಕುರ್ಚಿ. ಅದು ಮೊದಲಿಂದಲೂ ಚುಚ್ಚುತ್ತೆ."

ಅವಳ ಕುರ್ಚಿಯ ಮೇಲೆ ಯಾವಾಗಲೂ ಒಂದು ದಿಂಬು. ಅದನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಕುರ್ಚಿ ಮಾಡುವವನ ಹೆಂಡತಿ ಕುರ್ಚಿಗೆ ದಿಂಬು ಹಾಕಿಕೊಂಡು ಕೂರುವುದೆಂದರೆ ಏನರ್ಥ? ಬಂದವರು ನೋಡಿದರೆ ಏನೆಂದುಕೊಂಡಾರು?

"ಇಷ್ಟು ವರ್ಷ ಬಾಯಿಬಿಟ್ಟು ಹೇಳೋಕೆ ನಿನಗೇನಾಗಿತ್ತು?"

"ಹೇಳಿದ್ದೆ. ಕುರ್ಚಿ ಸರಿಯಾಗೇ ಇದೆ, ನಿನಗೆ ಕೂರೋಕೆ ಬರಲ್ಲ ಅಂತ ಎಗರಾಡಿದ್ರಿ. ಆಮೇಲೆ ನನ್ನ ಪಾಡಿಗೆ ನಾನು ದಿಂಬು ಹೊಲ್ಕೊಂಡೆ."

ನನ್ನ ದಿಂಬು ಇಷ್ಟು ವರ್ಷ ನನ್ನ ಮೈಯಲ್ಲೇ ಇತ್ತು, ಈಗ ಕರಗಿಹೋಗಿತ್ತು, ಅಷ್ಟೆ. ಅವಳು ಎದ್ದು ತನ್ನ ದಿಂಬನ್ನು ನನ್ನ ಕುರ್ಚಿಗೆ ಹಾಕಿ, ಬ್ಯಾಗು ಹೆಗಲಿಗೇರಿಸಿಕೊಂಡು ಸ್ಕೂಲಿಗೆ ಹೊರಟಳು. ಅವಳು ಲೆಕ್ಕದ ಟೀಚರು. ಅವಳ ಜೊತೆ ವಾದ ಮಾಡಿ ಗೆದ್ದದ್ದು ನನಗಂತೂ ನೆನಪಿಲ್ಲ.

ನನ್ನನ್ನು ಎಲ್ಲರೂ ಕರೆಯುವುದು ಬಂಡೆ ಎಂದು. ದಪ್ಪಗಿದ್ದದ್ದಕ್ಕೆ ಚಿಕ್ಕಂದಿನಲ್ಲಿ ಬಿದ್ದ ಹೆಸರು. ಈಗ ಹೊಸಬರು ಯಾರಾದರೂ ನಮ್ಮ ಕುರ್ಚಿ ಅಂಗಡಿಗೆ ಬಂದು "ಬಂಡೆ ಇದ್ದಾರಾ?" ಎಂದು ಕೇಳಿದರೆ ನಾನು "ನಾನೇ" ಎನ್ನುತ್ತೇನೆ, ಅವರು ನನ್ನ ಹೆಗಲಾಚೆ ಇಣುಕಿ ನೋಡುತ್ತಾರೆ. ಹಳೆಯ ಪ್ಯಾಂಟುಗಳನ್ನೆಲ್ಲ ಕಟ್ಟಿ ಯಾರಿಗೋ ಕೊಟ್ಟಾಯಿತು. ಉಂಗುರ ಬೆರಳಿನಲ್ಲಿ ನಿಲ್ಲುವುದಿಲ್ಲ. ಫ್ಯಾನು ಹಾಕಿದರೆ ಚಳಿ, ಅದೂ ನನಗೆ! ಮೊದಲೆಲ್ಲ ಚಳಿಗಾಲದಲ್ಲೂ ಬೆವರೊರೆಸಿಕೊಳ್ಳುತ್ತಿದ್ದವನು ನಾನು. ದಾರಿಯಲ್ಲಿ ಸಿಕ್ಕವರು ಮುಖ ಸಣ್ಣದು ಮಾಡಿಕೊಂಡು "ಹುಷಾರಿಲ್ವಾ?" ಎಂದು ಕೇಳುತ್ತಾರೆ. ದಪ್ಪಗಿದ್ದಾಗ ಇಳಿಸು ಇಳಿಸು ಎಂದು ಪ್ರಾಣ ತಿಂದವರು ಇವರೇ. ಆದರೆ ಸುಳ್ಳು ಯಾಕೆ, ಖುಷಿಯಾಗಿದ್ದೇನೆ. ಬಗ್ಗಿ ನಾನೇ ಬೂಟಿನ ದಾರ ಕಟ್ಟಿಕೊಳ್ಳುತ್ತೇನೆ. ಕಾಲ ಮೇಲೆ ಕಾಲು ಹಾಕಿ ಕೂರಬಲ್ಲೆ. ಮೊದಲ ಸಲ ಹಾಗೆ ಕೂತ ದಿನ, ಯಾರಾದರೂ ನೋಡಲಿ ಎಂದು ಇಡೀ ಸಂಜೆ ಅಂಗಡಿಯ ಬಾಗಿಲಲ್ಲಿ ಕಾಲು ಅಲ್ಲಾಡಿಸುತ್ತಾ ಕೂತಿದ್ದೆ.

ಒಂದು ವಿಷಯ ಮಾತ್ರ ಮುಚ್ಚಿಟ್ಟಿದ್ದೆ. ಮಾಂಸ ಹೋಯಿತು, ತೊಗಲು ಹೋಗಲಿಲ್ಲ. ಹೊಟ್ಟೆಯ ಮೇಲೆ, ಎದೆಯ ಕೆಳಗೆ, ತೋಳುಗಳಲ್ಲಿ ಒಗೆದು ಹಿಂಡಿದ ಬಟ್ಟೆಯ ಹಾಗೆ ಜೋತುಬಿದ್ದಿತ್ತು. ದಪ್ಪಗಿದ್ದಾಗ ಅಂಗಿಯಿಲ್ಲದೆ ಮನೆಯೆಲ್ಲ ಓಡಾಡುತ್ತಿದ್ದವನು ಈಗ ಬಾಗಿಲು ಹಾಕಿಕೊಂಡು ಬಟ್ಟೆ ಬದಲಾಯಿಸುತ್ತಿದ್ದೆ. ಹೆಂಡತಿ ಏನೂ ಕೇಳಲಿಲ್ಲ. ಅವಳು ಕೇಳದೇ ಇದ್ದದ್ದೂ ನನಗೆ ಇರುಸುಮುರುಸೇ.

ನಮ್ಮ ಅಂಗಡಿಯೆಂದರೆ ಮನೆಗೆ ಅಂಟಿಕೊಂಡು, ಹಿಂದಿನ ಬೀದಿಗೆ ಬಾಗಿಲಿರುವ ಕುರ್ಚಿ ಕಾರ್ಖಾನೆ. ಕಾರ್ಖಾನೆ ಅಂದರೆ ದೊಡ್ಡ ಮಾತಾಯಿತು. ನಾನು, ಬಾಮೈದ, ಒಂದು ಗರಗಸದ ಮಿಷನ್ನು. ಗೋಡೆಯಾಚೆಗೇ ನಮ್ಮ ಅಡುಗೆಮನೆ. ಕೊಯ್ಯುವುದು, ಕೂಡಿಸುವುದು ನನ್ನದು. ಉಜ್ಜಿ ಪಾಲಿಶ್ ಹಾಕುವುದು ಬಾಮೈದನದು. ಅವನು ಹಂಚಿಕಡ್ಡಿಯಂಥ ಆಳು, ಬಾಯಿ ಮಾತ್ರ ಭಾರ. ಯಾವ ಕುರ್ಚಿಯೇ ಆಗಲಿ, ನಾನು ಕೂತು ನೋಡದೆ ಹೊರಗೆ ಹೋಗುವಂತಿಲ್ಲ. ಮೊದಲು ಧೊಪ್ಪನೆ ಕೂರುವುದು. ಆಮೇಲೆ ಹಿಂದಕ್ಕೆ ಒರಗಿ ಹಿಂಗಾಲಿನ ಮೇಲೆ ಭಾರ ಹಾಕುವುದು. ಆಮೇಲೆ ಪ್ಯಾಂಟಿನ ಜೇಬಿನಿಂದ ಏನೋ ತೆಗೆಯುವವನ ಹಾಗೆ ಒಂದೇ ಪಕ್ಕಕ್ಕೆ ವಾಲುವುದು. ಇಷ್ಟಕ್ಕೂ ಜಗ್ಗದಿದ್ದರೆ ಸೀಟಿನ ಅಡಿಗೆ ಸೀಮೆಸುಣ್ಣದ ಕಡ್ಡಿಯಲ್ಲಿ ಒಂದು ಗೀಟು. ಗಿರಾಕಿಗಳು ಕುರ್ಚಿ ಮಗುಚಿ ಆ ಗೀಟು ನೋಡಿ "ಬಂಡೆ ಕೂತದ್ದೇ ತಾನೆ?" ಎಂದು ಕೇಳಿಯೇ ಒಯ್ಯುತ್ತಿದ್ದರು.

ಹೀಗಿರುವಾಗ ಒಂದು ತಪಾಸಣೆಯ ದಿನ ಆಪರೇಷನ್ ಮಾಡಿದ ಡಾಕ್ಟರಮ್ಮನ ಜೊತೆ ಜಗಳ ತೆಗೆದೆ. ಅವರಲ್ಲಿಗೆ ಬರುವವರೆಲ್ಲ ನನ್ನಂಥ ಭಾರೀ ಮೈಯವರು, ಕಾಯುವ ಕೋಣೆಯಲ್ಲಿ ಹಾಕಿದ್ದು ಮಾತ್ರ ಮಕ್ಕಳಾಟದ ಪ್ಲಾಸ್ಟಿಕ್ ಕುರ್ಚಿ. ಮೊದಲ ಸಲ ಹೋದಾಗ ನಾನು ಗೋಡೆಗೆ ಅಂಟಿಸಿದ್ದ ಚಿತ್ರಗಳನ್ನು ಓದುವ ನಾಟಕ ಮಾಡುತ್ತಾ ನಿಂತೇ ಇದ್ದೆ. ಪಕ್ಕದಲ್ಲಿ ಇನ್ನೊಬ್ಬರು ಅದೇ ಚಿತ್ರ ಓದುತ್ತಿದ್ದರು. ದಪ್ಪಗಿರುವವರಿಗೆ ಇದೆಲ್ಲ ಗೊತ್ತು. ಕುರ್ಚಿ ಮುರಿದು ನಾಲ್ಕು ಜನರ ಮುಂದೆ ಬಿದ್ದವನು ಆಮೇಲೆ ಎಲ್ಲಿಯೂ ಪೂರ್ತಿ ಕೂರುವುದಿಲ್ಲ. ಅರ್ಧ ಭಾರ ಕಾಲ ಮೇಲೇ ಇಟ್ಟುಕೊಂಡು, ತೊಡೆ ನಡುಗುತ್ತಿದ್ದರೂ ನಗುತ್ತಾ ಕೂತ ಹಾಗೆ ಮಾಡುತ್ತಾನೆ. ನಾನು ಬೇರೆಯವರ ಮನೆಯಲ್ಲಿ, ಆಫೀಸಿನಲ್ಲಿ, ಆಸ್ಪತ್ರೆಯಲ್ಲಿ ಜೀವಮಾನವೆಲ್ಲ ಹಾಗೇ ಕೂತವನು. ಪೂರ್ತಿ ಕೂತದ್ದು ನಾನು ಮಾಡಿದ ಕುರ್ಚಿಗಳಲ್ಲಿ ಮಾತ್ರ.

ಇದನ್ನೆಲ್ಲ, ನನ್ನ ಗೀಟಿನ ವಿಷಯವನ್ನೂ ಸೇರಿಸಿ, ಡಾಕ್ಟರಮ್ಮನಿಗೆ ಮುಖಕ್ಕೆ ಹೊಡೆದ ಹಾಗೆ ಹೇಳಿದೆ. ಅವರು ಸಿಟ್ಟಾಗಲಿಲ್ಲ.

"ಹಾಗಾದ್ರೆ ನೀವೇ ಹತ್ತು ಮಾಡಿಕೊಡಿ. ಆದರೆ ನೀವು ಕೂತು ನೋಡಿದ್ದೇ ಆಗಬೇಕು," ಎಂದರು.

ಉಬ್ಬಿಹೋದೆ. ಒಳ್ಳೆಯ ಗಟ್ಟಿ ಮರ ಆರಿಸಿ, ಕಾಲು ದಪ್ಪ ಮಾಡಿ, ಸೀಟು ಅಗಲ ಮಾಡಿ, ಎರಡೂ ಕಡೆಯ ಕೈ ತೆಗೆದುಹಾಕಿ ಹತ್ತು ಕುರ್ಚಿ ಮಾಡಿದೆ. ಸೋಮವಾರ ಕಳಿಸಬೇಕು. ಶನಿವಾರ ಮಧ್ಯಾಹ್ನ ಸಾಲಾಗಿ ನಿಲ್ಲಿಸಿ, ಒಂದೊಂದರ ಮೇಲೂ ಧೊಪ್ಪನೆ ಕೂತೆ, ಒರಗಿದೆ, ವಾಲಿದೆ. ಒಂದೂ ಕಿರ್ ಎನ್ನಲಿಲ್ಲ. ಗೀಟು ಹಾಕಲು ಸುಣ್ಣದ ಕಡ್ಡಿ ಕೈಗೆ ತೆಗೆದುಕೊಂಡೆ. ಬಾಮೈದ ತಲೆ ಕೆರೆಯುತ್ತಾ ನಿಂತಿದ್ದ.

"ಭಾವ, ಬೇಜಾರು ಮಾಡ್ಕೋಬೇಡಿ. ನೀವು ಕೂತರೂ ಒಂದೇ, ಬೆಕ್ಕು ಕೂತರೂ ಒಂದೇ. ಮರಳಿನ ಮೂಟೆ ಇಟ್ಟು ನೋಡೋಣ."

"ಮರಳು ಹಿಂದಕ್ಕೆ ಒರಗುತ್ತೇನೋ? ಜೇಬಿಗೆ ಕೈ ಹಾಕುತ್ತಾ? ಇಟ್ಟಲ್ಲಿ ಬಿದ್ದಿರುತ್ತೆ."

"ಹಾಗಾದ್ರೆ ಯಾರಾದರೂ ದಪ್ಪಗಿರೋರನ್ನ ಕರ್ಕೊಂಡು ಬರ್ಲಾ?"

"ಯಾವ ಮುಖ ಇಟ್ಕೊಂಡು ಕರೀತೀಯ? ಬನ್ನಿ ಸ್ವಾಮಿ, ಕುರ್ಚಿ ಮುರಿಯುತ್ತಾ ನೋಡಬೇಕು, ನೀವು ಕೂತ್ಕೊಳ್ಳಿ ಅಂತಲಾ? ನಾಚಿಕೆಯಾಗಬೇಕು ನಿನಗೆ. ಹೋಗು, ಮನೆಗೆ ಹೋಗು."

ಪಾಪ, ಅವನು ಕೈ ತೊಳೆದುಕೊಂಡು ಹೋದ. ಕೂಗಾಡಿದ್ದು ನಿಜ, ಆದರೆ ಅವನ ಮಾತು ಎದೆಗೇ ನಾಟಿತ್ತು. ಗೀಟು ಹಾಕಲು ಕೈ ಬರಲಿಲ್ಲ. ಡಾಕ್ಟರಮ್ಮ ಕೇಳಿದ್ದು ಆ ಹಳೆಯ ಬಂಡೆ ಕೂತ ಕುರ್ಚಿಯನ್ನು. ಅವನನ್ನು ಎಲ್ಲಿಂದ ತರಲಿ? ಇಂಥದ್ದೊಂದು ಕುರ್ಚಿ ಅಲ್ಲಿ ಯಾರ ಅಡಿಗಾದರೂ ಮುರಿದರೆ, ನಾನು ಅನುಭವಿಸಿದ್ದನ್ನು ನಾನೇ ಇನ್ನೊಬ್ಬನಿಗೆ ಹಂಚಿದ ಹಾಗೆ.

ಭಾನುವಾರ ಬೆಳಿಗ್ಗೆ ಮತ್ತೆ ಒಂದೊಂದಾಗಿ ಕೂರುತ್ತಾ ಹೋದೆ. ಹೆಂಡತಿ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದು ಬಾಗಿಲಲ್ಲಿ ನಿಂತಳು.

"ಏನು ನಡೀತಿದೆ?"

"ಕೂತು ನೋಡ್ತಿದ್ದೀನಿ. ಕಾಣಲ್ವಾ?"

"ಕಾಣುತ್ತೆ. ಕೇಳಲ್ಲ. ಮೊದಲು ನೀವಿಲ್ಲಿ ಕೂತರೆ ಅಲ್ಲಿ ನನ್ನ ತಟ್ಟೆ ಲೋಟ ಗಲಗಲ ಅನ್ನೋದು. ಈಗ ಸದ್ದೇ ಇಲ್ಲ."

ನಾನು ಮೊದಲೇ ಉರಿಯುತ್ತಿದ್ದೆ. "ಹೌದು ಮಾರಾಯ್ತಿ, ನಾನೀಗ ಕೆಲಸಕ್ಕೆ ಬಾರದವನು. ನೀನೂ ಹೇಳಿಬಿಡು!" ಎಂದು ಸುಣ್ಣದ ಕಡ್ಡಿ ಎಸೆದೆ.

ಅವಳು ಅದನ್ನು ಹೆಕ್ಕಿ ಕಿಟಕಿಯ ಮೇಲಿಟ್ಟಳು. ಸಿಟ್ಟಿನ ಹುಡುಗರನ್ನು ದಿನಾ ನೋಡುವವಳು. "ನಿಮ್ಮಿಂದ ಹೋದದ್ದು ಎಷ್ಟು?" ಎಂದು ಕೇಳಿದಳು.

"ಅರವತ್ತೈದು ಕೆಜಿ. ಯಾಕೆ?"

"ನಾನೆಷ್ಟಿದ್ದೀನಿ?"

ಹೆಂಡತಿಯ ತೂಕ ಹೇಳುವಷ್ಟು ದಡ್ಡ ನಾನಲ್ಲ. ಅವಳೇ ಹೇಳಿದಳು. "ಹೆಚ್ಚುಕಮ್ಮಿ ಅಷ್ಟೇ. ಸರಿ, ಕೂತ್ಕೊಳ್ಳಿ." ನಾನು ಕೂತೆ. ಅವಳು ಬೀದಿ ಬಾಗಿಲು ಹಾಕಿ, ಸೆರಗು ಸಿಕ್ಕಿಸಿಕೊಂಡು ಬಂದು ನನ್ನ ತೊಡೆಯ ಮೇಲೆ ಕೂತಳು!

ಮದುವೆಯಾದಾಗಿನಿಂದ ನನಗೆ ತೊಡೆ ಎನ್ನುವುದೇ ಇರಲಿಲ್ಲ; ಕೂತರೆ ಹೊಟ್ಟೆ ಮಂಡಿಯವರೆಗೆ ಬಂದು ಕೂರುತ್ತಿತ್ತು. ಅಲ್ಲಿ ಒಬ್ಬರು ಕೂರುವಷ್ಟು ಜಾಗವಿದೆ ಎನ್ನುವುದು ನನಗೇ ಹೊಸ ಸುದ್ದಿ. ಅವಳ ಭಾರ ಮಾತ್ರ ಅರ್ಧವೂ ಬಿದ್ದಿರಲಿಲ್ಲ. ನೋಡಿದರೆ ಅಂಗಾಲೂರಿ ಮೈ ಮೇಲೆತ್ತಿಕೊಂಡೇ ಕೂತಿದ್ದಾಳೆ.

"ಭಾರ ಪೂರ್ತಿ ಬಿಡೇ."

"ನಿಮಗೆ ನೋವಾದ್ರೆ? ಹೊಲಿಗೆ ಹಾಕಿದ ಹೊಟ್ಟೆ."

"ಹೊಲಿಗೆ ಒಣಗಿ ಎಷ್ಟು ಕಾಲ ಆಯ್ತು? ಬಿಡು ಅಂದೆ."

ಅವಳು ಕಾಲೆತ್ತಿದಳು. ಪೂರ್ತಿ ಭಾರ ಬಿತ್ತು. "ಅಯ್ಯೋ, ನಿಮ್ಮ ಮೂಳೆ ಚುಚ್ಚುತ್ತೆ. ಕುರ್ಚಿನೇ ವಾಸಿ," ಎಂದಳು. ಇಬ್ಬರೂ ಹಿಂದಕ್ಕೆ ಒರಗಿದೆವು, ಇಬ್ಬರೂ ಪಕ್ಕಕ್ಕೆ ವಾಲಿದೆವು. ಕುರ್ಚಿ ಜಗ್ಗಲಿಲ್ಲ. ಅವಳೇ ಬಗ್ಗಿ ಅಡಿಗೆ ಗೀಟು ಹಾಕಿದಳು. ಎರಡನೆಯದು, ಮೂರನೆಯದು. ಪ್ರತಿ ಸಲ ಧೊಪ್ಪನೆ ಕೂತಾಗಲೂ ಗೋಡೆಯಾಚೆ ತಟ್ಟೆ ಲೋಟ ಗಲಗಲ ಎಂದವು. ಅದನ್ನು ಕೇಳಿ ಅವಳಿಗೆ ನಗು. ಅವಳ ನಗುವಿಗೆ ನಾನೂ ನಕ್ಕೆ.

ಏಳನೆಯ ಕುರ್ಚಿಯ ಮೇಲೆ ನಗುತ್ತಲೇ ಪಕ್ಕಕ್ಕೆ ವಾಲಿದೆವು. ಚಟ್ ಎಂದಿತು. ಏನಾಯಿತೆಂದು ತಿಳಿಯುವುದರೊಳಗೆ ನಾನು ಮರದ ಪುಡಿಯಲ್ಲಿ ಅಂಗಾತ, ಅವಳು ನನ್ನ ಮೇಲೆ. ಮುರಿದ ಕಾಲು ಪಕ್ಕದಲ್ಲೇ ಬಿದ್ದಿತ್ತು. ಒಳಗೆ, ಕೂಡಿಸಿದ ಜಾಗದಲ್ಲೇ ಒಂದು ಕಪ್ಪು ಗಂಟು. ಮೇಲಿನಿಂದ ಕಾಣದೆ ಮರದೊಳಗೆ ಅಡಗಿದ್ದದ್ದು. ನಿನ್ನೆ ನಾನೊಬ್ಬನೇ ಕೂತಾಗ ಅದು ಕಿರ್ ಎಂದಿರಲಿಲ್ಲ.

"ಪೆಟ್ಟಾಯ್ತಾ?" ಎಂದೆ.

ಅವಳು ನನ್ನ ಹೊಟ್ಟೆಯನ್ನೇ ನೋಡುತ್ತಿದ್ದಳು. ಬಿದ್ದ ರಭಸಕ್ಕೆ ನನ್ನ ಅಂಗಿ ಎದೆಯವರೆಗೆ ಏರಿತ್ತು. ಜೋತುಬಿದ್ದ ತೊಗಲೆಲ್ಲ ಹಗಲು ಬೆಳಕಿನಲ್ಲಿ ಅವಳ ಕಣ್ಣ ಮುಂದೆ. ನಾನು ಅಂಗಿ ಎಳೆದುಕೊಳ್ಳಲು ಹೋದೆ. ಅವಳು ಕೈ ಹಿಡಿದಳು.

"ಇದಕ್ಕಾ ಬಾಗಿಲು ಹಾಕ್ಕೊಳ್ತಿದ್ದದ್ದು?"

"ಚೆನ್ನಾಗಿಲ್ಲ ಕಣೇ."

"ಚೆನ್ನಾಗಿಲ್ಲ, ಹೌದು. ಆದರೆ ನಾನೇನೇನೋ ಅಂದ್ಕೊಂಡಿದ್ದೆ. ಸಣ್ಣಗಾದ್ರು, ಇನ್ನು ನಾನು ಬೇಡ ಅನ್ನಿಸಿರಬೇಕು ಅಂತ." ಆ ತೊಗಲಿನ ಮೇಲೆ ಅಂಗೈ ಇಟ್ಟು ಹಾಗೇ ಕೂತಳು. ಅವಳ ಕೈ ಬೆಚ್ಚಗಿತ್ತು. ನನಗೆ ಅಳು ಬಂತು, ಅತ್ತೆ. ಮುಚ್ಚಿಡುವುದೇನಿದೆ.

"ಎದ್ದೇಳಿ, ಇನ್ನೂ ಮೂರಿದೆ," ಎಂದಳು ಕೊನೆಗೆ, ಮೂಗೊರೆಸಿಕೊಳ್ಳುತ್ತಾ. ಆ ಮೂರೂ ಗಟ್ಟಿಯಾಗಿದ್ದವು. ಕೊನೆಯದಕ್ಕೆ ಗೀಟು ಹಾಕಿದ ಮೇಲೂ ಅವಳು, ಇದನ್ನು ಇನ್ನೂ ಸ್ವಲ್ಪ ನೋಡಬೇಕು ಎಂದು ಮತ್ತೆ ಬಂದು ಕೂತಳು. ಟೀ ಕುಡಿಯುವ ಹೊತ್ತಾದರೂ ಇಬ್ಬರೂ ಏಳಲಿಲ್ಲ.

ಸೋಮವಾರ ಒಂಬತ್ತು ಕುರ್ಚಿ ಹೋದವು. ಬಾಮೈದ ಮುರಿದದ್ದನ್ನು ನೋಡಿ, "ಭಾವ, ಇದು ಹೇಗೆ ಮುರೀತು?" ಎಂದು ಕೇಳಿದ. "ಬಂಡೆ ಕೂತ," ಎಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ಅಕ್ಕನ ಮುಖ ನೋಡಿ, ಪಾಲಿಶ್ ಡಬ್ಬಿ ಹಿಡಿದುಕೊಂಡು ಒಳಗೆ ಹೋದ. ಮುರಿದ ಕಾಲು ಬದಲಾಯಿಸಿ, ನಾನೂ ಹೆಂಡತಿಯೂ ಮತ್ತೆ ಕೂತು ನೋಡಿ, ಉಳಿದ ಆ ಒಂದನ್ನು ನನ್ನ ತಪಾಸಣೆಯ ದಿನ ನಾನೇ ಆಟೋದಲ್ಲಿ ಒಯ್ದೆ. ಹೆಂಡತಿಯೂ ಬಂದಳು, ತೋಳು ತುಂಬ ತಾನೇ ಹೊಲಿದ ಹತ್ತು ದಿಂಬಿನ ಗಂಟು.

ಕಾಯುವ ಕೋಣೆಯಲ್ಲಿ ಒಬ್ಬರು ಗೋಡೆಯ ಚಿತ್ರ ಓದುತ್ತಾ ನಿಂತಿದ್ದರು. ನಾನು ಹಿಂದೆ ಇದ್ದಷ್ಟೇ ದಪ್ಪ, ಅಂಗಿಯ ಬೆನ್ನೆಲ್ಲ ಬೆವರು. ಸುತ್ತ ನಾನು ಕಳಿಸಿದ ಕುರ್ಚಿಗಳು ಖಾಲಿ. ನಾನು ತಂದ ಕುರ್ಚಿಯನ್ನು ಅವರ ಪಕ್ಕದಲ್ಲೇ ಇಟ್ಟೆ.

"ಕೂತ್ಕೊಳ್ಳಿ ಸರ್."

"ಪರವಾಗಿಲ್ಲ, ನಿಂತೇ ಅಭ್ಯಾಸ," ಎಂದು ನಕ್ಕರು. ಆ ನಗು ನನಗೆ ಗೊತ್ತಿಲ್ಲದ್ದೇ? ನಾನು ಕುರ್ಚಿ ಮಗುಚಿ ಅಡಿಯ ಗೀಟು ತೋರಿಸಿದೆ.

"ನಾನು ಮಾಡಿದ್ದು. ನಾನೂ ನನ್ನ ಹೆಂಡತಿಯೂ ಒಟ್ಟಿಗೆ ಕೂತು ನೋಡಿದ್ದೀವಿ. ಕೇಳಿ ಬೇಕಾದ್ರೆ."

"ಏನ್ರೀ ನೀವು!" ಎಂದು ಹೆಂಡತಿ ಕೆಂಪಾದಳು. ಆದರೆ ಇಲ್ಲವೆನ್ನಲಿಲ್ಲ. ಕುರ್ಚಿ ನೆಟ್ಟಗಿಟ್ಟು ದಿಂಬು ಹಾಕಿದಳು.

ಅವರು ಅವಳನ್ನು ನೋಡಿದರು, ನನ್ನನ್ನು ನೋಡಿದರು, ನಿಧಾನವಾಗಿ ಕೂತರು. ಮಂಡಿಯ ಮೇಲೆ ಎರಡೂ ಕೈ, ಬಿಗಿದ ತೊಡೆ, ನೆಲಕ್ಕೆ ಒತ್ತಿದ ಪಾದ. ಕೂತ ಹಾಗೆ ಮಾಡುತ್ತಿದ್ದರು. ನಾನು ಪಕ್ಕದ ಕುರ್ಚಿಯಲ್ಲಿ ಕೂತು, ಬೇರೆ ಯಾರಿಗೂ ಕೇಳದ ಹಾಗೆ ಬಗ್ಗಿ ಹೇಳಿದೆ.

"ಭಾರ ಪೂರ್ತಿ ಬಿಡಿ ಸರ್."

ಅವರು ನನ್ನ ಮುಖ ನೋಡಿದರು. ಆಮೇಲೆ ಕಾಲು ಮುಂದಕ್ಕೆ ಚಾಚಿ, ಬೆನ್ನು ಒರಗಿಸಿ, ಕಣ್ಣು ಮುಚ್ಚಿಕೊಂಡರು.